ನಳ ಬಾರದ ದಿನಗಳ ರೋಗ

ಬೆಳಗಾವಿಯ ಓಣಿಗಳಲ್ಲಿ ‘ನೀರು ಬಂತು’ ಅನ್ನುವವರು ಕಡಿಮೆ. ‘ನಳ ಬಂತು’ ಅನ್ನುತ್ತಾರೆ. ನಳ ಗೋಡೆಗೆ ಅಂಟಿಕೊಂಡು ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗಿರುವುದಿಲ್ಲ. ಆದರೂ ಅದು ಬಂದು ಹೋದ ಲೆಕ್ಕವನ್ನು ನೆಂಟರ ಲೆಕ್ಕದ ಹಾಗೆ ಇಡುತ್ತಾರೆ. ನಮ್ಮ ಓಣಿಗೆ ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಮೇ ತಿಂಗಳಲ್ಲಿ ಎಂಟು ದಿನವಾದರೂ ಯಾರೂ ಹುಬ್ಬೇರಿಸುವುದಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಊರಿನದೇ ವಡಗಾವಿಯಲ್ಲಿರುವ ಚಿಗವ್ವನ ಮನೆಗೆ ಹೋಗಿದ್ದೆ. ಎರಡು ಖೋಲಿ, ಪಕ್ಕದ ಮನೆಯ ಮಗ್ಗದ ಸದ್ದು, ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಬ್ಯಾರಲ್, ಒಳಗೆ ಸಾಲಾಗಿ ಕೊಡಗಳು. ಅವತ್ತು ನಳ ಬಂದು ಏಳನೇ ದಿನ. ನಾಲ್ಕು ವರ್ಷದ ಮೊಮ್ಮಗನಿಗೆ ಮೂರು ದಿನದಿಂದ ಹೊಟ್ಟೆ ಸರಿ ಇರಲಿಲ್ಲ. ಸಂಡಾಸಕ್ಕೆ ಹೋದರೆ ಲೋಳೆ, ಜೊತೆಗೆ ರಕ್ತ. ಸ್ವಲ್ಪ ಜ್ವರವೂ ಇತ್ತು. ‘ಮಾವಿನಹಣ್ಣು ಭಾಳ ತಿಂದಾನ, ಉಷ್ಣ ಆಗೇತಿ’ ಅಂದಳು ಚಿಗವ್ವ. ಹುಡುಗ ಗಟಾರದ ಅಂಚಿಗೆ ಕೂತಿದ್ದ. ಎದ್ದಾಗ ಒಂದೇ ತಂಬಿಗೆ ನೀರಿನಲ್ಲಿ ಅವನನ್ನು ತೊಳೆದಳು. ತಳದಲ್ಲಿ ಉಳಿದ ನೀರಿಗೆ ಬೆರಳು ಅದ್ದಿದಳು, ಸೆರಗಿಗೆ ಒರೆಸಿಕೊಂಡಳು, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ರೊಟ್ಟಿಗೆ ಹಂಚಿನ ಕಾವು ತಾಗುತ್ತದೆ, ಅದರ ಚಿಂತೆ ಇಲ್ಲ. ಆದರೆ ಅದೇ ಕೈಯಲ್ಲಿ ಹೆಚ್ಚಿದ ಉಳ್ಳಾಗಡ್ಡಿಗೆ, ಕಲಸಿದ ಮೊಸರಿಗೆ ಯಾವ ಕಾವು? ನಾನೂ ಉಂಡೆ. ಎರಡನೇ ದಿನ ರಾತ್ರಿ ನನ್ನ ಹೊಟ್ಟೆಯೂ ಮುರಿಯತೊಡಗಿತು.

ಈ ರೋಗಕ್ಕೆ ನಾವು ಆಮಶಂಕೆ ಅಂತಲೂ ರಕ್ತಭೇದಿ ಅಂತಲೂ ಅನ್ನುತ್ತೇವೆ. ಇದರಲ್ಲಿ ಎರಡು ಜಾತಿ. ಒಂದು ಅಮೀಬಾದಿಂದ ಬರುವುದು. ಅದು ನಿಧಾನ, ಜ್ವರ ಕಡಿಮೆ, ವಾರಗಟ್ಟಲೆ ಕಾಡುತ್ತದೆ. ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುವುದು. ಇದು ಧಡಕ್ಕನೆ ಬರುತ್ತದೆ. ಜ್ವರ, ಹೊಟ್ಟೆ ಕಿವುಚಿದ ಹಾಗೆ ನೋವು, ಎಷ್ಟು ತಿಣುಕಿದರೂ ಚಮಚದಷ್ಟು ಲೋಳೆ ರಕ್ತ. ಈ ಎರಡನೆಯದಕ್ಕೆ ಮುಖ್ಯ ಕಾರಣ ಶಿಗೆಲ್ಲಾ. 1897ರಲ್ಲಿ ಜಪಾನಿನಲ್ಲಿ ದೊಡ್ಡ ಆಮಶಂಕೆ ಹಬ್ಬಿದಾಗ ಕಿಯೋಶಿ ಶಿಗಾ ಎಂಬ ವೈದ್ಯ ಇದನ್ನು ಹಿಡಿದರು, ಅವರ ಹೆಸರೇ ಉಳಿಯಿತು. ಶಿಗೆಲ್ಲಾದಲ್ಲಿ ನಾಲ್ಕು ಬಗೆ ಇವೆ. ಅದರಲ್ಲಿ ಒಂದಕ್ಕೆ ಬಾಯ್ಡಿ ಅಂತ ಹೆಸರು. ಭಾರತದಲ್ಲಿ ಬ್ರಿಟಿಷ್ ಸೇನೆಯ ವೈದ್ಯರಾಗಿದ್ದ ಬಾಯ್ಡ್ ಎಂಬುವರಿಂದ ಬಂದದ್ದು ಅದು. ಆ ಕಾಲದಲ್ಲಿ ಆಮಶಂಕೆ ಬ್ಯಾರಕ್ಕುಗಳ ರೋಗ. ಒಂದೇ ಅಡುಗೆಮನೆ, ಸಾಲು ಸಂಡಾಸ, ನೂರಾರು ಜನ. ಬೆಳಗಾವಿಯಲ್ಲಿ ದಂಡು ಇರುವ ನಮ್ಮ ಕ್ಯಾಂಪಿನಂಥ ಜಾಗ ಅಂದುಕೊಳ್ಳಿ. ಈಗ ಆ ಬ್ಯಾರಕ್ಕಿನ ಸಾಂದ್ರತೆ ಊರೊಳಗಿನ ಓಣಿಗಳಿಗೆ ಬಂದಿದೆ, ಅಷ್ಟೇ.

ಶಿಗೆಲ್ಲಾದ ಒಂದು ಗುಣ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಂಖ್ಯೆ ಬಹಳ ಕಡಿಮೆ. ಕಾಲರಾ ಹತ್ತಬೇಕಾದರೆ ಸಾಮಾನ್ಯವಾಗಿ ಲಕ್ಷಗಟ್ಟಲೆ ರೋಗಾಣು ಹೊಟ್ಟೆಗೆ ಹೋಗಬೇಕು. ಶಿಗೆಲ್ಲಾಗೆ 10ರಿಂದ 100 ಸಾಕು. ಹೊಟ್ಟೆಯ ಆಮ್ಲವನ್ನು ಅದು ತಡೆದುಕೊಳ್ಳುತ್ತದೆ. ಕೆಳಗೆ ದೊಡ್ಡ ಕರುಳಿಗೆ ಇಳಿದು ಅದರ ಗೋಡೆಯೊಳಗೇ ನುಗ್ಗುತ್ತದೆ, ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಹಾಯುತ್ತದೆ. ಆ ಹುಣ್ಣಿನಿಂದಲೇ ರಕ್ತ ಬರುವುದು. ಹತ್ತು ರೋಗಾಣು ಅಂದರೆ ಎಷ್ಟು? ಉಗುರಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಕೊಳೆ ಉಳಿದರೆ ಅದರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇರಬಹುದು.

ಹಾಗಾಗಿ ‘ಕೆಟ್ಟ ನೀರು ಕುಡಿದ್ರು, ರಕ್ತಭೇದಿ ಆಯ್ತು’ ಅನ್ನುವುದು ಅರ್ಧ ಸತ್ಯ. ಕೊಳಕು ನೀರಿನಿಂದ ಹರಡುತ್ತದೆ, ನಿಜ. ಆದರೆ ಕೈಯಿಂದ ಕೈಗೆ, ಕೈಯಿಂದ ಊಟಕ್ಕೆ ಇನ್ನೂ ಸುಲಭವಾಗಿ ಹರಡುತ್ತದೆ. ಡೇವಿಡ್ ಬ್ರಾಡ್ಲಿ ಎಂಬ ತಜ್ಞರು 1970ರ ದಶಕದಲ್ಲೇ ನೀರಿನ ರೋಗಗಳನ್ನು ಬೇರೆ ಬೇರೆ ಗುಂಪು ಮಾಡಿದ್ದರು. ಕುಡಿದ ನೀರಿನಿಂದ ಬರುವುದು ಒಂದು, ತೊಳೆಯಲು ನೀರಿಲ್ಲದೆ ಬರುವುದು ಇನ್ನೊಂದು. ಶಿಗೆಲ್ಲಾ ಎರಡೂ ಕಡೆ ಸೇರುತ್ತದೆ. ನನ್ನ ಪ್ರಕಾರ ನಮ್ಮ ಊರಿನಲ್ಲಿ ಎರಡನೆಯ ಕಡೆಗೇ ಜಾಸ್ತಿ ವಾಲುತ್ತದೆ. ಬಾಯಿಗೆ ಹೋದ ನೀರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೈ ಮೇಲೆ ಬೀಳದ ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಚಿಗವ್ವನ ಮನೆಯಲ್ಲೇ ಕೂತು ಒಂದು ಲೆಕ್ಕ ಹಾಕಿದೆ. ಬ್ಯಾರಲ್ಲಿಗೆ 200 ಲೀಟರ್ ಹಿಡಿಯುತ್ತದೆ. ಹತ್ತು ಕೊಡ, ಕೊಡಕ್ಕೆ 15 ಲೀಟರ್ ಹಿಡಿದರೆ 150. ಒಟ್ಟು 350 ಲೀಟರ್. ಐದು ಜನ, ಎಂಟು ದಿನ. ಒಬ್ಬರಿಗೆ ದಿನಕ್ಕೆ ಒಂಬತ್ತು ಲೀಟರೂ ಬೀಳುವುದಿಲ್ಲ. ಕುಡಿಯುವುದು, ಅಡುಗೆ, ಪಾತ್ರೆ, ಸಂಡಾಸ, ಎಲ್ಲ ಅದರಲ್ಲೇ. ಸ್ನಾನಕ್ಕೂ ಬಟ್ಟೆಗೂ ಪಕ್ಕದವರ ಬಾವಿ. ಈಗ ಕೈ ತೊಳೆಯುವುದನ್ನು ನೋಡಿ. ಒಬ್ಬರು ದಿನಕ್ಕೆ ಆರು ಸಲ, ಸಲಕ್ಕೆ ಅರ್ಧ ಲೀಟರ್ ಅಂತ ಹಿಡಿಯಿರಿ, ದುಂದುವೆಚ್ಚ ಏನಲ್ಲ. ಐದು ಜನಕ್ಕೆ ದಿನಕ್ಕೆ 15 ಲೀಟರ್, ಅಂದರೆ ತುಂಬಿದ ಒಂದು ಕೊಡ. ಎಂಟು ದಿನಕ್ಕೆ 120 ಲೀಟರ್. ಮನೆಯಲ್ಲಿರುವ ನೀರಿನಲ್ಲಿ ಮೂರನೇ ಒಂದು ಪಾಲು ಬರೀ ಕೈ ತೊಳೆಯಲಿಕ್ಕೆ! ಯಾವ ಗೃಹಿಣಿ ಇದಕ್ಕೆ ಒಪ್ಪುತ್ತಾಳೆ? ‘ನಾಳೆ ನಳ ಬರದಿದ್ದರೆ?’ ಎಂಬ ಭಯದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಅದು ಕೊಳಕುತನವೂ ಅಲ್ಲ, ಅಜ್ಞಾನವೂ ಅಲ್ಲ. ಅದು ಉಳಿತಾಯ.

ಇದೇ ಎಂಟು ದಿನವನ್ನು ಇನ್ನೊಂದು ಬಡಾವಣೆಯ ಬಂಗಲೆಗೆ ಹಾಕಿ ನೋಡಿ. ಅಂಗಳದಲ್ಲಿ 5,000 ಲೀಟರಿನ ಸಂಪು, ಮನೆಯಲ್ಲಿ ಅದೇ ಐದು ಜನ. ಒಬ್ಬರಿಗೆ ದಿನಕ್ಕೆ 125 ಲೀಟರ್. ಅವರಿಗೂ ನಳ ಎಂಟು ದಿನಕ್ಕೊಮ್ಮೆಯೇ, ಆದರೆ ಬೇಸಿನ್ನಿನ ತೋಟಿ ತಿರುವಿದರೆ ಯಾವಾಗಲೂ ನೀರು. ‘ಇಡೀ ಊರಿಗೆ ಒಂದೇ ವೇಳಾಪಟ್ಟಿ’ ಅಂತ ನೀರಿನವರು ಹೇಳುವುದು ಕಾಗದದ ಮೇಲೆ ಸರಿ. ರೋಗಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲ, ಸಂಪಿನ ಅಳತೆ. ಸಂಪು ತೋಡಲು ಜಾಗ ಇರುವವನಿಗೂ ಬ್ಯಾರಲ್ ಇಡಲಿಕ್ಕೇ ಜಾಗ ಇಲ್ಲದವನಿಗೂ ನಡುವೆ ಇರುವ ಅಂತರವೇ ಈ ರೋಗದ ನಕ್ಷೆ.

ಇನ್ನು ಪೈಪಿನ ಕಥೆ. ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಶುದ್ಧ ಮಾಡಿ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಶಿಗೆಲ್ಲಾ ಕ್ಲೋರಿನ್ನಿಗೆ ಬಹಳ ಬೇಗ ಸಾಯುತ್ತದೆ, ಆ ವಿಷಯದಲ್ಲಿ ಅದು ಬಡಪಾಯಿ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಮ್ಮ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ತೊಂದರೆ ಇರುವುದು ಕೊನೆಯ ಮೈಲಿಯಲ್ಲಿ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತದೆ. ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ. ಪೈಪಿನ ಜೋಡಣೆಯಲ್ಲಿ ಸಣ್ಣ ಸೀಳಿದ್ದರೆ ಸುತ್ತಲಿನ ತೇವವನ್ನು ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಅದೇ ಒಳಗೆ ಹೋಗುತ್ತದೆ. ಮನೆ ಸಂಪರ್ಕದ ಸಣ್ಣ ಪೈಪುಗಳು ಗಟಾರದ ಹೊಟ್ಟೆಯೊಳಗಿಂದಲೇ ಹಾದುಹೋಗಿರುವುದನ್ನು ಹಳೆಯ ಓಣಿಗಳಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕೇ ನಳ ಬಂದ ಮೊದಲ ಐದು ನಿಮಿಷದ ನೀರು ಕೆಂಪಗೆ, ಕೆಲವು ಸಲ ವಾಸನೆಯಾಗಿ ಬರುವುದು. ಅದನ್ನು ಚೆಲ್ಲಿ ಅಂತ ಹೇಳುವುದು ಸುಲಭ. ಒಂದು ಗಂಟೆ ಮಾತ್ರ ಬರುವ ನೀರನ್ನು, ಹಿಂದೆ ನಾಲ್ಕು ಮನೆಯವರು ಕಾಯುತ್ತಿರುವಾಗ, ಚೆಲ್ಲಿ ನೋಡಿ.

ಈ ವಿಷಯದಲ್ಲಿ ನಮ್ಮ ಪಕ್ಕದೂರಿನಿಂದಲೇ ಒಳ್ಳೆಯ ಸಾಕ್ಷ್ಯವಿದೆ. 2008ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಒಂದೇ ಊರು, ಒಂದೇ ಮೂಲದ ನೀರು. ಊರಿನ ಹೆಚ್ಚಿನ ಭಾಗಕ್ಕೆ ಕೆಲವು ದಿನಕ್ಕೊಮ್ಮೆ, ಕೆಲವು ವಾರ್ಡಿಗೆ ಯಾವಾಗಲೂ. ಸಂಶೋಧಕರಿಗೆ ಇದಕ್ಕಿಂತ ಇನ್ನೇನು ಬೇಕು? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಹುಬ್ಬಳ್ಳಿ-ಧಾರವಾಡಕ್ಕೆ ಬಂದರು. ನಳದ ನೀರನ್ನು ಪರೀಕ್ಷಿಸಿದಾಗ, ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ನೂರು ಮಾದರಿಗೆ ಸುಮಾರು 30ರಲ್ಲಿ ಮಲದ ಗುರುತಾದ ಇ. ಕೋಲಿ ಸಿಕ್ಕಿತು. ಸದಾ ಬರುವ ನಳಗಳಲ್ಲಿ ನೂರಕ್ಕೆ ಒಂದೂ ಇಲ್ಲ.

ಇಷ್ಟು ವ್ಯತ್ಯಾಸ ಇದ್ದ ಮೇಲೆ ಕಾಯಿಲೆಯೂ ಅಷ್ಟೇ ಇಳಿಯಬೇಕಲ್ವಾ? ಇಳಿಯಲಿಲ್ಲ. ಸುಮಾರು 3,900 ಮನೆಗಳನ್ನು ಹಿಂಬಾಲಿಸಿದ ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಟೈಫಾಯ್ಡ್ ಬಂದ ಮನೆಗಳು ಸದಾ ನೀರಿರುವ ಕಡೆ ಕಡಿಮೆ. ಮತ್ತು ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಸ್ಪಷ್ಟವಾಗಿ ಇಳಿದಿತ್ತು. ನನಗೆ ಇದು ಬಹಳ ಮುಖ್ಯ ಅನ್ನಿಸಿತು. ಸಾಮಾನ್ಯ ಭೇದಿಗೆ ವೈರಸ್ಸಿನಿಂದ ಹಿಡಿದು ನೂರು ಕಾರಣ. ರಕ್ತಭೇದಿಗೆ ಕಾರಣ ಕಡಿಮೆ, ಅದು ನೀರಿನ ಮಾತು ಕೇಳುತ್ತದೆ. ಅದೂ ಬಡವರ ಮನೆಯಲ್ಲಿ ಜಾಸ್ತಿ ಕೇಳುತ್ತದೆ, ಯಾಕಂದರೆ ಸಂಪು ಇರುವವರಿಗೆ 24 ಗಂಟೆ ನಳದಿಂದ ಹೊಸದಾಗಿ ಸಿಗುವುದು ಅಷ್ಟೇನಿಲ್ಲ. ಕೊನೆಯ ಮಾತು ನನ್ನ ಊಹೆ, ಆದರೆ ಮೇಲಿನ ಕೊಡದ ಲೆಕ್ಕಕ್ಕೆ ಕೂಡುತ್ತದೆ.

ಅದೇ ಊರಿನಲ್ಲಿ ಇನ್ನೊಂದು ತಮಾಷೆಯೂ ಕಂಡಿತು. 24 ಗಂಟೆ ನೀರು ಬರುವ ಮನೆಗಳಲ್ಲೂ ಜನ ಕೊಡ ತುಂಬಿಡುವುದನ್ನು ಬಿಟ್ಟಿರಲಿಲ್ಲ! ಶುದ್ಧ ನೀರನ್ನು ಹಿಡಿದಿಟ್ಟು, ಅದರಲ್ಲಿ ಲೋಟ ಅದ್ದಿ, ಮತ್ತೆ ಕೆಡಿಸಿಕೊಳ್ಳುತ್ತಿದ್ದರು. ನಗಬೇಡಿ. ಮೂವತ್ತು ವರ್ಷ ನಳ ಕಾದವರಿಗೆ ನಾಳೆಯೂ ನೀರು ಬರುತ್ತದೆ ಅಂತ ನಂಬಿಕೆ ಹುಟ್ಟಲು ಎರಡು ವರ್ಷ ಸಾಲದು.

ಮನೆಯ ಹೊರಗೆ ಬಂದರೆ ಕೈಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಶಿಗೆಲ್ಲಾಗೆ ದನ, ಕೋಳಿ, ಹಂದಿ ಬೇಡ. ಮನುಷ್ಯನೇ ಅದರ ಮನೆ. ಭೇದಿ ನಿಂತ ಮೇಲೂ ಒಂದರಿಂದ ನಾಲ್ಕು ವಾರ ಮಲದಲ್ಲಿ ಹೋಗುತ್ತಲೇ ಇರುತ್ತದೆ. ಗಾಡಿಯಲ್ಲಿ ಭೇಳ್ ಕಲಸುವವನಿಗೆ ನಿನ್ನೆ ಹೊಟ್ಟೆ ಕೆಟ್ಟಿತ್ತು ಅನ್ನಿ. ಇವತ್ತು ಸ್ವಲ್ಪ ಪರವಾಗಿಲ್ಲ. ರಜೆ ಹಾಕಿದರೆ ಸಂಜೆಯ ಗಳಿಕೆ ಹೋಯಿತು. ಅವನು ಬರುತ್ತಾನೆ, ಬರಲೇಬೇಕು. ಅವನ ಗಾಡಿಯಲ್ಲಿ ಇರುವುದು ಒಂದು ಬಕೆಟ್ ನೀರು. ಪ್ಲೇಟು ಅದ್ದುವುದೂ ಅದರಲ್ಲೇ, ಕೈ ಅದ್ದುವುದೂ ಅದರಲ್ಲೇ. ಕಾಸರಗೋಡಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ಸತ್ತು, ಹತ್ತಾರು ಜನ ಆಸ್ಪತ್ರೆ ಸೇರಿದಾಗ ರೋಗಿಗಳಲ್ಲಿ ಸಿಕ್ಕಿದ್ದು ಶಿಗೆಲ್ಲಾ. ಆಗ ಎಲ್ಲರೂ ಮಾಂಸವನ್ನು ಬೈದರು. ಮಾಂಸದ ಜೊತೆ ಆ ಕೈಗಳನ್ನೂ ನೋಡಬೇಕಿತ್ತು.

ನೊಣದ ಬಗ್ಗೆ ಹಿರಿಯರು ಹೇಳುತ್ತಿದ್ದದ್ದು ಸುಳ್ಳಲ್ಲ. ಹತ್ತು ರೋಗಾಣು ಸಾಕು ಅಂದ ಮೇಲೆ ನೊಣದ ಕಾಲಿನಲ್ಲಿ ಹೊರಲಾಗದ ಭಾರವೇನಲ್ಲ ಅದು. ಇಸ್ರೇಲಿನ ಸೇನಾ ಶಿಬಿರಗಳಲ್ಲಿ ಬರೀ ನೊಣ ಹಿಡಿಯುವ ಬೋನುಗಳನ್ನು ಚೆನ್ನಾಗಿ ಇಟ್ಟು ನೋಡಿದರು. ಶಿಗೆಲ್ಲಾ ರೋಗಿಗಳ ಸಂಖ್ಯೆ ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಅದು 1991ರಲ್ಲಿ ಪ್ರಕಟವಾದ ವಿಷಯ. ನಮ್ಮಲ್ಲಿ ಮಾವಿನಹಣ್ಣು, ಹಲಸಿನಹಣ್ಣು, ಮೊದಲ ಮಳೆ ಎಲ್ಲ ಒಟ್ಟಿಗೆ ಬರುವ ಕಾಲಕ್ಕೇ ನೊಣವೂ ಬರುತ್ತದೆ, ನೀರೂ ಕಡಿಮೆ ಇರುತ್ತದೆ. ಚಿಗವ್ವ ಮಾವಿನಹಣ್ಣನ್ನು ದೂರಿದ್ದು ಪೂರ್ತಿ ತಪ್ಪಲ್ಲ, ಋತುವನ್ನು ಸರಿಯಾಗಿಯೇ ಹಿಡಿದಿದ್ದಳು. ಆಮೇಲೆ ಮಳೆ ಜೋರಾದರೆ ಬೇರೆ ದಾರಿ ತೆರೆಯುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ಬೆಳಗಾವಿಯ ಬಳ್ಳಾರಿ ನಾಲೆ ಉಕ್ಕಿ ಊರಿನ ತಗ್ಗು ಪ್ರದೇಶದ ಮನೆಗಳಿಗೆ ನುಗ್ಗಿದ್ದು ನೆನಪಿರಬೇಕು. ಆ ನಾಲೆಯಲ್ಲಿ ಹರಿಯುವುದು ಊರಿನ ಕೊಳಚೆ.

ಇನ್ನೊಂದು ಮಾತು ಹೇಳಲೇಬೇಕು, ಸ್ವಲ್ಪ ಮುಜುಗರದ್ದು. ‘ಸಣ್ಣ ಕೂಸಿನ ಹೇಲಿಗೆ ಏನೂ ಆಗೂದಿಲ್ಲ’ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ದೊಡ್ಡವರು ಸಂಡಾಸಕ್ಕೆ ಹೋಗುತ್ತಾರೆ, ಮಗುವನ್ನು ಗಟಾರದ ಅಂಚಿಗೆ ಕೂರಿಸುತ್ತಾರೆ. ನಿಜ ಇದಕ್ಕೆ ಉಲ್ಟಾ. ಐದು ವರ್ಷದೊಳಗಿನ ಮಕ್ಕಳಿಗೇ ಈ ರೋಗ ಜಾಸ್ತಿ, ಹಾಗಾಗಿ ಮಗುವಿನ ಮಲವೇ ಹೆಚ್ಚು ಅಪಾಯದ್ದು. 2016ರಲ್ಲಿ ಜಗತ್ತಿನಲ್ಲಿ ಶಿಗೆಲ್ಲಾದಿಂದ ಸುಮಾರು 2 ಲಕ್ಷ ಜನ ಸತ್ತರು ಅಂತ ಅಂದಾಜಿದೆ. ಅದರಲ್ಲಿ 60 ಸಾವಿರಕ್ಕೂ ಹೆಚ್ಚು ಇದೇ ವಯಸ್ಸಿನ ಮಕ್ಕಳು.

ನನ್ನ ಹೊಟ್ಟೆ ಮುರಿದ ಕಥೆಗೆ ಬರೋಣ. ಎಲ್ಲರ ಹಾಗೆ ನಾನೂ ಮೆಡಿಕಲ್ಲಿಗೆ ಹೋದೆ. ‘ಲೂಸ್ ಮೋಷನ್ನಾ?’ ಅಂತ ಕೇಳಿ, ಚೀಟಿ ಕೇಳದೆ ಮೂರು ಬಗೆಯ ಗುಳಿಗೆ ಕತ್ತರಿಸಿ ಕೊಟ್ಟರು. ಮನೆಗೆ ಬಂದು ಹೆಸರು ಓದಿದೆ. ಒಂದು ಮೆಟ್ರೊನಿಡಜೋಲ್. ಅದು ಅಮೀಬಾಗೆ, ಶಿಗೆಲ್ಲಾಗೆ ತಾಕುವುದೇ ಇಲ್ಲ. ಇನ್ನೊಂದು ಲೋಪೆರಮೈಡ್, ಭೇದಿ ಕಟ್ಟುವ ಗುಳಿಗೆ. ರಕ್ತ, ಜ್ವರ ಇದ್ದಾಗ ಅದನ್ನು ತೆಗೆದುಕೊಳ್ಳಬಾರದು. ರೋಗಾಣುವನ್ನು ಒಳಗೇ ಕೂಡಿಹಾಕಿದ ಹಾಗೆ. ಮೂರನೆಯದು ಅರ್ಧ ಕೋರ್ಸಿನ ಆಂಟಿಬಯಾಟಿಕ್. ರಕ್ತ ಕಾಣಿಸಿತ್ತು ಅಂತ ನಾನು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ತಪ್ಪು ಇಬ್ಬರದೂ.

ಈ ಅರ್ಧ ಕೋರ್ಸುಗಳ ಬಿಲ್ಲು ಈಗ ಬರುತ್ತಿದೆ. ಮದ್ದಿಗೆ ಬಗ್ಗದಿರುವ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು ಅಂತ ಜಪಾನಿನವರು 1950ರ ದಶಕದ ಕೊನೆಯಲ್ಲಿ ಕಂಡುಹಿಡಿದದ್ದೇ ಶಿಗೆಲ್ಲಾದಲ್ಲಿ. ಆಮೇಲೆ ನಾಲಿಡಿಕ್ಸಿಕ್ ಆಸಿಡ್ ಎಂಬ ಮದ್ದು ಕೆಲಸಕ್ಕೆ ಬಾರದಾಯಿತು. ಸಿಪ್ರೊಫ್ಲಾಕ್ಸಸಿನ್ ದಕ್ಷಿಣ ಏಷ್ಯಾದಲ್ಲಿ ಬಹಳ ಕಡೆ ಕೆಲಸ ಮಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ತನ್ನ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಆ ಗುಂಪಿನ ಮದ್ದಿಗೆ ಬಗ್ಗದ ಶಿಗೆಲ್ಲಾವನ್ನು ಮೇಲಕ್ಕೆ ಏರಿಸಿದೆ. ಎಲ್ಲರಿಗೂ ಹಾಕುವಂಥ ಲಸಿಕೆ ಇನ್ನೂ ಇಲ್ಲ. ರಕ್ತ ಕಂಡರೆ, ಅದೂ ಮಗುವಾದರೆ, ಮೆಡಿಕಲ್ ದಾಟಿ ವೈದ್ಯರ ಹತ್ತಿರವೇ ಹೋಗಬೇಕು. ಅಲ್ಲಿಯವರೆಗೆ ಓಆರ್‌ಎಸ್ ಕುಡಿಸುತ್ತಿರಬೇಕು. ಮಕ್ಕಳಿಗೆ ವೈದ್ಯರು ಜಿಂಕ್ ಬರೆದರೆ ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ನಡುವೆ ಬಿಡುವವರೇ ಜಾಸ್ತಿ.

ಲೆಕ್ಕದ ವಿಷಯವನ್ನೂ ಹೇಳಿಬಿಡುತ್ತೇನೆ. ಸರ್ಕಾರದ ರೋಗ ನಿಗಾ ವ್ಯವಸ್ಥೆಯಲ್ಲಿ ಆಸ್ಪತ್ರೆಗಳು ಕೊಡುವ ವರದಿಯಲ್ಲಿ ಬ್ಯಾಕ್ಟೀರಿಯಾದ ಆಮಶಂಕೆಗೆ ಬೇರೆಯೇ ಕಲಂ ಇದೆ. ಆದರೆ ನನ್ನಂಥವನು ಆ ಕಲಮಿಗೆ ಬೀಳುವುದೇ ಇಲ್ಲ, ಮೆಡಿಕಲ್ಲಿನಲ್ಲೇ ಮುಗಿದುಹೋಗುತ್ತೇನೆ. ಆಸ್ಪತ್ರೆಗೆ ಹೋದವರಲ್ಲೂ ಮಲ ಪರೀಕ್ಷೆಗೆ ಕೊಡುವವರು ಕಡಿಮೆ. ಕೊಟ್ಟರೂ ಶಿಗೆಲ್ಲಾ ಮಾದರಿಯಲ್ಲಿ ಬೇಗ ಸಾಯುತ್ತದೆ, ತಡವಾಗಿ ಲ್ಯಾಬಿಗೆ ಹೋದರೆ ‘ಏನೂ ಇಲ್ಲ’ ಅಂತ ಬರುತ್ತದೆ. ಹಾಗಾಗಿ ಸುದ್ದಿಯಾಗುವುದು ಒಂದೇ ಕಡೆ ನೂರು ಜನ ಬಿದ್ದಾಗ ಮಾತ್ರ. ನಮ್ಮ ಜಿಲ್ಲೆಯದೇ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲುಷಿತ ನೀರಿನಿಂದ ಜನ ಸತ್ತಾಗ ಮಂತ್ರಿಗಳಿಂದ ಹಿಡಿದು ಎಲ್ಲರೂ ಮಾತಾಡಿದರು. ಓಣಿಯಲ್ಲಿ ಮನೆಗೊಂದರಂತೆ ಬೀಳುವ ರಕ್ತಭೇದಿಗೆ ಫೋಟೊ ಇಲ್ಲ, ಪರಿಹಾರವೂ ಇಲ್ಲ.

ಸೋಪು, ನೀರು ಎರಡೂ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಕರಾಚಿಯ ಬಡ ಬಡಾವಣೆಗಳಲ್ಲಿ ನೋಡಿದ್ದಾರೆ. ಸೋಪು ಕೊಟ್ಟು, ತೊಳೆಯುವ ರೂಢಿ ಮಾಡಿಸಿದ ಮನೆಗಳಲ್ಲಿ ಮಕ್ಕಳ ಭೇದಿ ಅರ್ಧದಷ್ಟು ಇಳಿಯಿತು. 2005ರ ಅಧ್ಯಯನ ಅದು. ಸೋಪು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಇಲ್ಲದ್ದು ದಿನಕ್ಕೊಂದು ಕೊಡ ನೀರು.

ಆ ಕೊಡ ಎಲ್ಲಿಂದ ತರಬೇಕು? ನಳದಿಂದಲೇ ಬರಬೇಕು ಅಂತ ಹಟ ಬೇಡ. ಬೆಳಗಾವಿ ಬಾವಿಗಳ ಊರು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆದಾಗ ಬಂದವರಿಗೆ ನೀರಿಗಾಗಿ ತೋಡಿದ ಬಾವಿ ಈಗಲೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತೇವೆ. ಶಹಾಪುರ, ವಡಗಾವಿಯ ಹಳೆಯ ಮನೆಗಳ ಹಿತ್ತಲಲ್ಲೂ ಬಾವಿಗಳಿವೆ. ಅವುಗಳ ನೀರು ಕುಡಿಯಲಿಕ್ಕೆ ಬಾರದು ಅಂತ ಬಿಟ್ಟವರು ಬಹಳ ಜನ. ಕುಡಿಯುವುದು ಬೇಡ, ಸರಿ. ಆದರೆ ಚರಂಡಿ ವಾಸನೆ ಬರದ ಬಾವಿ ನೀರು ಸೋಪಿನ ಜೊತೆ ಕೈ ತೊಳೆಯಲಿಕ್ಕೆ ಧಾರಾಳ ಸಾಕು. ಕುಡಿಯುವ ನೀರಿಗೂ ತೊಳೆಯುವ ನೀರಿಗೂ ಒಂದೇ ಕೊಡದಲ್ಲಿ ಜಗಳ ಹಚ್ಚಿರುವುದೇ ನಾವು ಮಾಡಿದ ತಪ್ಪು. ಪಾಲಿಕೆಯವರು ಬಾವಿಗೊಂದು ಪಂಪು, ಓಣಿಗೊಂದು ತೋಟಿ ಕೊಟ್ಟರೂ ಈ ಜಗಳ ಬಿಡಿಸಬಹುದು. 24 ಗಂಟೆ ನಳ ಇಡೀ ಊರಿಗೆ ಮುಟ್ಟುವವರೆಗಾದರೂ.

ಹೋದ ತಿಂಗಳು ಮತ್ತೆ ವಡಗಾವಿಗೆ ಹೋಗಿದ್ದೆ. ಸಂಡಾಸದ ಬಾಗಿಲಿಗೆ ಹದಿನೈದು ಲೀಟರಿನ ಹಳೆ ಎಣ್ಣೆ ಡಬ್ಬಿ, ತಳಕ್ಕೊಂದು ಪ್ಲಾಸ್ಟಿಕ್ ತೋಟಿ, ದಾರಕ್ಕೆ ಕಟ್ಟಿದ ಸೋಪಿನ ಚೂರು. ಸೊಸೆ ಹಾಕಿಸಿದ್ದಂತೆ. ನೀರು ಪಕ್ಕದವರ ಬಾವಿಯದು. ಮೊಮ್ಮಗ ಎರಡೂ ಕೈ ತೋಟಿ ಕೆಳಗೆ ಹಿಡಿದು ನೊರೆ ಊದುತ್ತಾ ನಿಂತಿದ್ದ, ತೋಟಿ ಹರಿಯುತ್ತಲೇ ಇತ್ತು. ಚಿಗವ್ವ ಒಳಗಿಂದಲೇ ಕೂಗಿದಳು: ‘ಏ, ಬಂದ್ ಮಾಡೋ ಅದನ್ನ! ಯಾರ ಸೇದಬೇಕು ಅಷ್ಟ ನೀರು, ನಿಮ್ಮಪ್ಪನ?’